ನಮ್ಮನೆಯವಳು ಹೇಳ್ತಾಳೆ

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹೊತ್ತವರು ನಾಲ್ವರಾದರೆ ಸಲಹೆ ಕೊಡುವವರು ಬೀದಿ ತುಂಬ ಇದ್ದರು. "ಸ್ವಲ್ಪ ಎಡಕ್ಕೆ." "ಅಯ್ಯೋ, ನಿಮ್ಮ ಎಡಕ್ಕಲ್ಲ, ಅವರ ಎಡಕ್ಕೆ." "ಕಾಲಿನ ಕಡೆ ಎತ್ರಪ್ಪಾ." ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಕ್ಯಾರಿಯರಮ್ಮ ಸೋಸಣಿಗೆಯನ್ನು ಪಾತ್ರೆಯ ಮೇಲೆ ಹಾಗೇ ಬಿಟ್ಟು ಹೊರಗೆ ಬಂದಳು.

"ಮೊದಲು ಆ ಊಟದ ಮೇಜು ಸರಿಸಿ. ಆಗ ಬಾಗಿಲು ಪೂರ್ತಿ ತೆರೆಯುತ್ತೆ," ಎಂದಳು.

ಮೇಜು ಸರಿಯಿತು, ಪೆಟ್ಟಿಗೆ ಒಳಗೆ ಬಂತು. ಅವಳು ವಾಪಸು ಹೋಗಿ ಮಿಕ್ಕ ಚಹಾ ಸೋಸಿದಳು.

ನಾದಿನಿ ಹಿಂದೆಯೇ ಬಂದಳು. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು. "ಅತ್ತಿಗೆ, ಇವತ್ತಾದ್ರೂ ಒಂದು ಕಡೆ ಕೂತ್ಕೊಳ್ಳಿ. ಜನ ಏನಂದ್ಕೋತಾರೆ?"

"ಬಂದವರು ಬಾಯಿ ಒಣಗಿಸ್ಕೊಂಡು ನಿಂತಿದ್ದಾರೆ. ಅವರು ಏನಂದ್ಕೋತಾರೆ?"

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿರುವವರಿಗೆ ಅಡುಗೆ ಮಾಡಿ, ಕ್ಯಾರಿಯರುಗಳಿಗೆ ತುಂಬಿ, ಬೆಳಗ್ಗೆ ಬೆಳಗ್ಗೆಯೇ ಕಳಿಸುವುದು ಅವಳ ಕಸುಬು. ಗಂಡ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಮೊನ್ನೆ ಮಧ್ಯಾಹ್ನ ಒಂದು ಯಂತ್ರದ ಕೆಳಗೆ ಬೆಲ್ಟು ಹಾಕಲು ಬಗ್ಗಿದವನು ಮತ್ತೆ ಏಳಲಿಲ್ಲ.

ಕಾರ್ಖಾನೆಯ ಹೆಂಗಸರು ಗುಂಪಾಗಿ ಬಂದರು. ಅವರ ಸೂಪರ್‌ವೈಸರ್, ದಪ್ಪ ಕನ್ನಡಕದ ಹೆಂಗಸು, ನೇರ ಅಡುಗೆಮನೆಗೇ ನುಗ್ಗಿ ಕ್ಯಾರಿಯರಮ್ಮನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತ ಎಷ್ಟು ದಿನದಿಂದ ಆಸೆ ಇತ್ತು. ಇಂಥ ದಿನ ಬಂದು ನೋಡೋ ಹಾಗಾಯ್ತಲ್ಲ. ದಿನಾ ನಿಮ್ಮ ಮಾತು ಕೇಳ್ಕೊಂಡೇ ಊಟ ಮಾಡ್ತಿದ್ವಿ ನಾವು."

"ನನ್ನ ಮಾತಾ?"

"ಮತ್ತೆ? ಊಟದ ಹೊತ್ತಲ್ಲಿ ಅಣ್ಣ ಬೆಳಗ್ಗೆ ಓದಿದ ಪುಟ ಹೇಳೋರು. ನಮ್ಮಲ್ಲಿ ಅರ್ಧಕ್ಕರ್ಧ ಜನ ಚರ್ಚಿನ ಮೆಟ್ಟಿಲು ಹತ್ತಿದವರೇ ಅಲ್ಲ. ಆದ್ರೂ ಕೇಳೋರು. ಯಾಕಂದ್ರೆ ಕೊನೆಗೆ ಅಣ್ಣ, 'ಇದಕ್ಕೆ ನಮ್ಮನೆಯವಳು ಏನ್ ಹೇಳ್ತಾಳೆ ಗೊತ್ತಾ?' ಅಂತ ಶುರು ಮಾಡೋರು. ನಿಜ ಹೇಳ್ಬೇಕಂದ್ರೆ ನಾವು ಕಾಯ್ತಾ ಇದ್ದದ್ದು ಅದಕ್ಕೇ."

ಹಿಂದೆ ನಿಂತ ಹುಡುಗಿಯೊಬ್ಬಳು ಬಾಯಿ ಹಾಕಿದಳು. "ಆ ಕುರಿ ಕತೆಗೆ ನೀವು ಹೇಳಿದ್ರಲ್ಲ, ಆಂಟಿ. ಕಳೆದುಹೋದ ಒಂದು ಕುರಿ ಹುಡುಕೋಕೆ ಕುರುಬ ಹೋದ, ಸರಿ. ಅಲ್ಲೇ ಉಳಿದ ಕುರಿಗಳು ಕತ್ತಲಲ್ಲಿ ಹೆದರಿಕೊಂಡು ನಿಂತಿದ್ವಲ್ಲ, ಬಂದ ಮೇಲೆ ಅವಕ್ಕೂ ಒಂದು ಮಾತು ಹೇಳಿರ್ತಾನೆ ಬಿಡಿ, ಪುಸ್ತಕದಲ್ಲಿ ಬರೆದಿಲ್ಲ ಅಷ್ಟೇ ಅಂತ. ನಾನು ಮನೆಗೆ ಹಿರೀ ಮಗಳು, ನಂಗೆ ಯಾರೂ ಅಂಥ ಒಂದು ಮಾತು ಹೇಳಿರ್ಲಿಲ್ಲ. ಅವತ್ತು ತುಂಬ ಅತ್ತೆ."

"ನಂದು ಕೇಳಿ," ಎಂದಳು ಸೂಪರ್‌ವೈಸರ್. "ನಂಗೂ ನಮ್ಮ ಓರಗಿತ್ತಿಗೂ ಮಾತಿರ್ಲಿಲ್ಲ. ಒಂದೇ ಅಡುಗೆಮನೆ ಬೇರೆ. 'ಕ್ಷಮಿಸೋದು ಅಂದ್ರೆ ಮರೆಯೋದಲ್ಲ, ಅವರು ಎದುರಿಗಿದ್ದಾಗ ಪಾತ್ರೆ ಕುಕ್ಕದೇ ಇರೋದು' ಅಂದ್ರಂತೆ ನೀವು. ಮನೆಗೆ ಹೋಗಿ ಪಾತ್ರೆ ಮೆತ್ತಗೆ ಇಟ್ಟೆ. ಒಂದು ವಾರ ಇಟ್ಟೆ. ಕೊನೆಗೆ ಅವಳೇ, 'ಯಾಕೆ, ಹುಷಾರಿಲ್ವಾ?' ಅಂತ ಕೇಳಿದ್ಲು." ಸಾವಿನ ಮನೆ ಎಂಬುದನ್ನೂ ಮರೆತು, ಬಾಗಿಲ ಬಳಿ ನಿಂತ ಒಬ್ಬ ಬಡಕಲು ಹೆಂಗಸಿನ ಹೊರತು, ಎಲ್ಲರೂ ನಕ್ಕರು. ನಕ್ಕದ್ದಕ್ಕೆ ನಾಚಿ ಕಣ್ಣೊರೆಸಿಕೊಂಡರು.

ಕ್ಯಾರಿಯರಮ್ಮ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ ಅಂಥದ್ದೊಂದು ಮಾತನ್ನು ಯಾವ ಬೆಳಗ್ಗೆ ಆಡಿದ್ದೆ ಎಂದು ಹುಡುಕಿದಳು. ಒಂದೂ ಸಿಗಲಿಲ್ಲ.

*

ಮದುವೆಯಾದ ಹೊಸತರಲ್ಲಿ ಇಬ್ಬರೂ ಒಟ್ಟಿಗೇ ಕೂತು ಓದುತ್ತಿದ್ದರು. ಚರ್ಚಿನ ಬಾಗಿಲಲ್ಲಿ ತಿಂಗಳ ಮೊದಲ ಭಾನುವಾರ ಸಿಗುವ, ಅಂಗೈಯಗಲದ ಪುಸ್ತಿಕೆ ಅದು. ದಿನಕ್ಕೊಂದು ಪುಟ. ಮೇಲೆ ಬೈಬಲಿನ ಶುಭಸಂದೇಶದ ಒಂದು ತುಣುಕು, ಅದರ ಕೆಳಗೆ ಧ್ಯಾನಕ್ಕೆ ನಾಲ್ಕು ಮಾತು, ಕೊನೆಗೊಂದು ಚಿಕ್ಕ ಪ್ರಾರ್ಥನೆ. ಒಂದು ಸಾಲು ಅವನು, ಒಂದು ಸಾಲು ಅವಳು. ಮಗಳು ಹುಟ್ಟಿ, ಖರ್ಚು ಬೆಳೆದು, ಕ್ಯಾರಿಯರ್ ಕೆಲಸ ಶುರುವಾದ ಮೇಲೆ ಅವಳಿಗೆ ಕೂರಲು ಪುರುಸೊತ್ತಾಗಲಿಲ್ಲ.

"ನೀವು ಓದ್ತಾ ಇರಿ. ನಂಗೆ ಇಲ್ಲಿಗೇ ಕೇಳಿಸುತ್ತೆ," ಎಂದಳು.

ಅವನು ಅಡುಗೆಮನೆಯ ಬಾಗಿಲಿಗೆ ಸ್ಟೂಲು ಹಾಕಿಕೊಂಡ. ಹೆಚ್ಚು ಓದಿದವನಲ್ಲ. ಎಣ್ಣೆ ಹತ್ತಿ ಕಪ್ಪಾದ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಉದ್ದದ ಪದ ಬಂದರೆ ನಡುವೆ ನಿಂತು ಉಸಿರು ತೆಗೆದುಕೊಂಡು ಓದುವನು. ಒಳಗೆ ಮಿಕ್ಸಿ ತಿರುಗುತ್ತಿರುತ್ತಿತ್ತು. ಅದು ನಿಲ್ಲುವವರೆಗೆ ಕಾದು ಬಿಟ್ಟಲ್ಲಿಂದ ಮುಂದುವರಿಸುವನು. ಮುಗಿದ ಮೇಲೆ ಕೇಳುವನು, "ಏನನ್ನಿಸ್ತು?"

"ನಂಗೇನನ್ನಿಸುತ್ತೆ? ಉಪ್ಪು ಕಮ್ಮಿ ಆಯ್ತು ಅನ್ನಿಸ್ತು. ಆ ಮುಚ್ಚಳ ಇತ್ತ ಕೊಡಿ."

ಮೊದಲ ಸಲ ಅವನು ಜೋರಾಗಿ ನಕ್ಕಿದ್ದ. ಅವನು ನಕ್ಕನೆಂದು ಅವಳು ಮುಂದೆಯೂ ಅದನ್ನೇ ಹೇಳಿದಳು. ಆಮೇಲಾಮೇಲೆ ಅವನು ನಗುತ್ತಿದ್ದನೋ ಇಲ್ಲವೋ, ಅವಳು ತಿರುಗಿ ನೋಡಲಿಲ್ಲ.

*

ಚರ್ಚು ತುಂಬಿತ್ತು. ಒಬ್ಬ ಮೆಕ್ಯಾನಿಕ್‌ನ ಅಂತ್ಯಕ್ರಿಯೆಯ ಪೂಜೆಗೆ ಇಷ್ಟು ಜನ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ಬಣ್ಣಬಣ್ಣದ ದಾರದ ಎಳೆಗಳು ಇನ್ನೂ ಸೆರಗಿಗೆ ಅಂಟಿಕೊಂಡಿದ್ದ ಹೆಂಗಸರು ಹಿಂದಿನ ಬೆಂಚುಗಳಲ್ಲಿ, ಯಾವಾಗ ಏಳಬೇಕು ಯಾವಾಗ ಕೂರಬೇಕು ತಿಳಿಯದೆ, ಒಬ್ಬರನ್ನೊಬ್ಬರು ನೋಡಿ ಏಳುತ್ತ ಕೂರುತ್ತ ಇದ್ದರು.

ಪ್ರಬೋಧನೆಯ ಮಾತು ಹೇಳಲು ನಿಂತ ಫಾದರ್ ಪೆಟ್ಟಿಗೆಯ ಕಡೆ ನೋಡಿ ಸಣ್ಣಗೆ ನಕ್ಕರು.

"ಇವರು ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಹತ್ತಿರ ಬರುತ್ತಿದ್ದರು. 'ಫಾದರ್, ಈ ವಾರದ ಓದಿಗೆ ನಮ್ಮನೆಯವಳು ಹೀಗೆ ಹೇಳ್ತಾಳೆ' ಅಂತ ಒಂದು ಮಾತು ಹೇಳಿ ಹೋಗುತ್ತಿದ್ದರು. ಇವತ್ತು ಇವರ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ಅದರಲ್ಲಿ ಕೆಲವನ್ನು ಇಲ್ಲೇ ನಿಂತು, ನನ್ನದೇ ಮಾತು ಅನ್ನುವ ಹಾಗೆ ಹೇಳಿದ್ದೇನೆ. ಅಮ್ಮಾ, ಕ್ಷಮಿಸಬೇಕು."

ಜನರ ನಡುವೆ ಮೆಲುನಗೆ ಹರಿದುಹೋಯಿತು. ತಲೆಗಳು ಮುಂದಿನ ಬೆಂಚಿನ ಕಡೆ ತಿರುಗಿದವು. ಕ್ಯಾರಿಯರಮ್ಮ ಮಡಿಲಲ್ಲಿದ್ದ ಜಪಸರವನ್ನು ನೋಡುತ್ತ ಕೂತಳು. ಪಕ್ಕದಲ್ಲಿದ್ದ ಮಗಳು ತಾಯಿಯ ಕಿವಿಗೆ ಬಗ್ಗಿದಳು.

"ಇಷ್ಟೆಲ್ಲ ನಿನ್ನೊಳಗಿತ್ತಾ ಅಮ್ಮ? ನಂಗೆ ಯಾವತ್ತೂ ಒಂದು ಮಾತೂ ಹೇಳ್ಲಿಲ್ವಲ್ಲ ನೀನು."

ಹೆಮ್ಮೆಯ ಜೊತೆ ನೋವೂ ಇದ್ದ ದನಿ ಅದು. ಹೌದೆಂದರೆ ಸುಳ್ಳಾಗುತ್ತಿತ್ತು. ಅಲ್ಲವೆಂದರೆ, ಪೆಟ್ಟಿಗೆಯಲ್ಲಿ ಮಲಗಿದವನನ್ನು ಇಷ್ಟು ಜನರ ಮುಂದೆ ಸುಳ್ಳನನ್ನಾಗಿ ಮಾಡಿದ ಹಾಗಾಗುತ್ತಿತ್ತು.

ಒಂದು ಭಾನುವಾರ ನೆನಪಾಯಿತು. ಪೂಜೆ ಮುಗಿಸಿ ಇಬ್ಬರೂ ಮನೆಗೆ ನಡೆದು ಬರುವಾಗ ಅವಳು ಎಂದಿದ್ದಳು, "ಇವತ್ತು ಫಾದರ್ ಎಷ್ಟು ಚೆನ್ನಾಗಿ ಹೇಳಿದ್ರು ಅಲ್ವಾ? ಎರಡು ಕೈಯಲ್ಲೂ ಪಾತ್ರೆ ಹಿಡ್ಕೊಂಡೋರಿಗೆ ದೇವರು ಏನು ಕೊಟ್ರೂ ಎಲ್ಲಿ ಇಸ್ಕೋತಾರೆ ಅಂತ. ಓದಿದವರ ಮಾತೇ ಬೇರೆ."

ಅವನು ಕೆಮ್ಮಿದ. ದಾರಿಯ ಆಚೆಗಿನ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡಿದ. "ಹೌದು ಹೌದು, ಓದಿದವರ ಮಾತೇ ಬೇರೆ," ಎಂದ.

ಅವತ್ತು ಅವನ ಮುಖದ ಮೇಲಿದ್ದದ್ದು ಸಂತೋಷ ಎಂದು ಅವಳಿಗೆ ಈಗ ತಿಳಿಯಿತು.

*

ಮಣ್ಣು ಕೊಟ್ಟು ಹಿಂದಿರುಗುವಾಗ ಕಾರ್ಖಾನೆಯ ಇಸ್ತ್ರಿಯವನು ಅವಳ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದ. ಗಂಡನ ಹಳೆಯ ಗೆಳೆಯ, ಮಾತು ಕಡಿಮೆ. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಅತ್ತಿಗೆ, ಅವರೆಲ್ಲ ಹೇಳೋದು ನಿಮಗೆ ಹೊಸದು, ಅಲ್ವಾ?"

ಅವಳು ನಿಂತಳು. "ನಾನು ಒಂದು ಮಾತೂ ಹೇಳಿದ್ದಿಲ್ಲ ಕಣಪ್ಪ."

"ನಂಗೆ ಗೊತ್ತು. ಒಂದಿನ ಕೇಳೇಬಿಟ್ಟೆ. ಅಲ್ಲಣ್ಣ, ಬೆಳಗ್ಗೆ ಎದ್ದು ಅಷ್ಟು ಜನಕ್ಕೆ ಬೇಯಿಸೋರು ಇಷ್ಟೊಂದು ಯಾವಾಗ ಮಾತಾಡ್ತಾರೆ ಅಂತ. 'ಬಾಯಿ ಬಿಟ್ಟು ಹೇಳಲ್ಲ ಕಣೋ,' ಅಂದ್ರು. 'ನಾನು ಓದ್ತಿರ್ತೀನಿ, ಅವಳು ಒಲೆ ಕಡೆ ತಿರುಗಿರ್ತಾಳೆ. ಕೆಲವು ಸಾಲಿಗೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತೆ. ಆಗ ಏನೋ ಅಂದ್ಕೊಂಡಿರ್ತಾಳೆ. ಏನಂದ್ಕೊಂಡಿರಬಹುದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡು ಬರ್ತೀನಿ,' ಅಂದ್ರು." ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಅದು ಸುಳ್ಳು ಅಂತ ಅವ್ರಿಗೆ ಅನ್ನಿಸಿರ್ಲೇ ಇಲ್ಲ, ಅತ್ತಿಗೆ. ನೀವು ಬೇಜಾರು ಮಾಡ್ಕೋಬೇಡಿ."

ಸಮಾಧಾನವಾಗಲಿ ಎಂದೇ ಅವನು ಹೇಳಿದ್ದು. ಅವಳು ತಲೆಯಾಡಿಸಿದಳು. ಕೈ ಒಂದು ಗಳಿಗೆ ನಿಲ್ಲುತ್ತಿದ್ದದ್ದು ಕುಕ್ಕರಿನ ಸೀಟಿ ಎಷ್ಟಾಯಿತೆಂದು ಲೆಕ್ಕ ಹಿಡಿಯಲು.

ಮನೆ ತಲುಪಿದಾಗ ಜನ ಆಗಲೇ ಒಳಗೆ ಸೇರಿದ್ದರು. ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ. ಅದರ ಪಕ್ಕದಲ್ಲಿ ಗೋಡೆಗೊರಗಿ ಒಬ್ಬ ಬಡಕಲು ಹೆಂಗಸು ನಿಂತಿದ್ದಳು. ಬೆಳಗ್ಗೆ ಕಾರ್ಖಾನೆಯವರ ಗುಂಪಿನ ಹಿಂದೆ ಇದ್ದವಳು, ನಗುವಾಗಲೂ ನಗದವಳು.

"ಅಕ್ಕಾ, ನಾನು ಕಾಜಾ ಮಷಿನ್ ಮೇಲೆ ಕೂರೋಳು, ಗುಂಡಿ ತೂತು ಹೊಲಿಯೋಳು. ಇವತ್ತು ಕೇಳಬಾರದು, ಗೊತ್ತು. ಆದ್ರೆ ಮತ್ತೆ ನಾನು ನಿಮ್ಮನ್ನ ಎಲ್ಲಿ ನೋಡ್ಲಿ?"

"ಏನಮ್ಮ?"

"ನನ್ನ ಗಂಡ, ಮಗಳು ಇನ್ನೂ ಎದೆಹಾಲು ಕುಡೀತಿದ್ದಾಗ ಬಿಟ್ಟುಹೋದೋನು, ಈಗ ವಾಪಸ್ ಬಂದಿದ್ದಾನೆ. ಕಣ್ಣು ಮಂಜಾಗಿದೆ. ಕಾಲು ಊದಿದೆ. ಬಸ್ ನಿಲ್ದಾಣದಲ್ಲಿ ಮಲಗ್ತಾನೆ. ನಾನು ಕೆಲಸಕ್ಕೆ ಹೋಗೋ ದಾರಿ ಅದು. ಒಳಗೆ ಸೇರಿಸ್ಕೊಂಡ್ರೆ ತಾನು ಮನೆ ಬಿಡ್ತೀನಿ ಅಂತಾಳೆ ಮಗಳು. ಅಣ್ಣನ್ನ ಕೇಳಿದೆ. ಯಾವಾಗ್ಲೂ ತಕ್ಷಣ 'ನಮ್ಮನೆಯವಳು ಹೇಳ್ತಾಳೆ' ಅನ್ನೋರು, ಅವತ್ತು ಹಾಗನ್ಲಿಲ್ಲ. 'ಇದನ್ನ ನಾನು ಹೇಳೋಕಾಗಲ್ಲ ತಂಗಿ. ಇದನ್ನ ನಿಜವಾಗ್ಲೂ ಮನೇಲಿ ಕೇಳ್ಕೊಂಡು ಬರ್ತೀನಿ,' ಅಂದ್ರು. ಮಾರನೇ ದಿನ ಊಟದ ಹೊತ್ತಿಗೆ ಕಾಯ್ತಾ ಇದ್ದೆ. ಅಷ್ಟರಲ್ಲಿ..." ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ನೀವು ಏನಂದ್ರಿ ಅಕ್ಕ?"

*

ಆ ಬೆಳಗ್ಗೆ ಅವನು ಪುಸ್ತಿಕೆ ತೆರೆದಿರಲಿಲ್ಲ. ಮುಚ್ಚಿದ್ದನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇವತ್ತು ಓದೋಕೆ ಮುಂಚೆ ನಿನ್ನನ್ನ ಒಂದು ವಿಷಯ ಕೇಳ್ಬೇಕು. ಸ್ವಲ್ಪ ಈ ಕಡೆ ತಿರುಗ್ತೀಯಾ?"

"ಕ್ಯಾರಿಯರ್ ಹೋಗೋ ಹೊತ್ತಲ್ಲಿ ಇದೇನ್ರೀ ನಿಮ್ಮದು? ಸಂಜೆ ಕೇಳಿ."

"ಒಂದೇ ಗಳಿಗೆ."

"ಸಂಜೆ ಅಂದೆನಲ್ಲ."

"ಆಗ್ಲಿ ಬಿಡು, ಸಂಜೆ," ಎಂದ. ಆಮೇಲೆ ಪುಟ ಓದಿದ. ಯಾವ ಪುಟ, ಏನಿತ್ತು ಅದರಲ್ಲಿ, ಅವಳಿಗೆ ಗೊತ್ತಿಲ್ಲ. ಸ್ಟೂಲು ಸರಿದ ಸದ್ದು ಕೇಳಿತು. ಬಾಗಿಲು ಎಳೆದುಕೊಂಡ ಸದ್ದೂ ಕೇಳಿತು. ಅವಳು ಡಬ್ಬಿಯ ಬಾಯಿಗೆ ಹತ್ತಿದ ಸಾರನ್ನು ಒರೆಸುತ್ತಿದ್ದಳು.

*

"ನಾನು ಏನೂ ಅನ್ನಲಿಲ್ಲ," ಎಂದಳು ಕ್ಯಾರಿಯರಮ್ಮ. "ಅವರು ಕೇಳೋಕೆ ಬಂದಿದ್ರು. ನಾನು ತಿರುಗಲಿಲ್ಲ."

ಕಾಜಾದವಳು ಅರ್ಥವಾಗದೆ ನೋಡಿದಳು.

"ಅಲ್ಲಿ ನೀವೆಲ್ಲ ಕೇಳಿದ್ದು ಅವರ ಮಾತು. ನಂದಲ್ಲ. ಹೇಳೋದಿರಲಿ, ನಾನು ಸರಿಯಾಗಿ ಕೇಳಿಸ್ಕೊಂಡವಳೂ ಅಲ್ಲ."

ಬೇರೆ ಯಾರಾದರೂ ಆಗಿದ್ದರೆ 'ಅಯ್ಯೋ ಬಿಡಿ ಅಕ್ಕ' ಎನ್ನುತ್ತಿದ್ದರೇನೋ. ಕಾಜಾದವಳು ಹಾಗನ್ನಲಿಲ್ಲ. ಅವಳ ಮುಖ ನಿಧಾನವಾಗಿ ಇಳಿಯಿತು.

"ಹಾಗಾದ್ರೆ ನಾನಿನ್ನು ಯಾರನ್ನ ಕೇಳ್ಲಿ?"

ಒಳಗಿನಿಂದ ನಾದಿನಿ ಕೂಗಿದಳು. "ಅತ್ತಿಗೇ, ಹಾಲು ಉಕ್ತಾ ಇದೆ. ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀರಿ?"

ಕ್ಯಾರಿಯರಮ್ಮನ ಒಂದು ಕಾಲು ತಾನಾಗಿ ಹೊಸ್ತಿಲ ಮೇಲೇರಿತು. ಅಷ್ಟು ವರ್ಷಗಳ ರೂಢಿ. ಅವಳು ಆ ಕಾಲನ್ನು ಕೆಳಗಿಳಿಸಿದಳು.

"ಇಳಿಸಮ್ಮ ನೀನೇ. ಸಕ್ಕರೆ ಹುಡುಕಿದ್ರೆ ಸಿಗುತ್ತೆ."

ಅವಳು ಹೊಸ್ತಿಲಲ್ಲಿ ಕೂತಳು. ಮಂಡಿ ನೋಯುತ್ತಿತ್ತು, ಕೂರುವುದೂ ಒಂದು ಕೆಲಸವಾಯಿತು. ಪಕ್ಕದಲ್ಲಿದ್ದ ಚಪ್ಪಲಿಗಳನ್ನು ಅತ್ತ ತಳ್ಳಿ ಜಾಗ ಮಾಡಿದಳು.

"ಏನು ಹೇಳ್ಬೇಕೋ ನಂಗೊತ್ತಿಲ್ಲಮ್ಮ. ಹೇಳೋಕೆ ಬರುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಕೂತ್ಕೋ. ಅವನು ಬಿಟ್ಟುಹೋದ ದಿನದಿಂದ ಹೇಳು."

ಕಾಜಾದವಳು ಕೂತಳು. ಮೊದಲು ಅತ್ತಳು, ಆಮೇಲೆ ಹೇಳತೊಡಗಿದಳು. ಕ್ಯಾರಿಯರಮ್ಮ ಪೂರ್ತಿ ಅವಳ ಕಡೆಗೇ ತಿರುಗಿ ಕೂತಿದ್ದಳು. ನಡುವೆ ಒಮ್ಮೆ, "ಇರು, ಅದು ಇನ್ನೊಂದ್ಸಲ ಹೇಳು, ನಂಗೆ ತಿಳೀಲಿಲ್ಲ," ಎಂದಳು.

ಒಳಗಿದ್ದವರು ಒಬ್ಬೊಬ್ಬರಾಗಿ ಹೊರಡಲು ಬಂದರು. ದಾರಿಗಡ್ಡವಾಗಿ ಕೂತ ಇಬ್ಬರನ್ನು ಕಂಡು ಒಂದು ಕ್ಷಣ ನಿಂತರು. ಅವರ ಮಾತು ಕೆಡದಂತೆ ಭುಜದ ಪಕ್ಕದಿಂದ ದಾಟಿ, ಮೊಣಕಾಲುಗಳ ನಡುವೆ ಕೈ ಚಾಚಿ, ತಮ್ಮ ತಮ್ಮ ಚಪ್ಪಲಿ ಹುಡುಕಿ ಎತ್ತಿಕೊಂಡರು. ಮೆಟ್ಟಿಕೊಳ್ಳದೆ, ಕೈಯಲ್ಲೇ ಹಿಡಿದು, ಬರಿಗಾಲಲ್ಲಿ ಅಂಗಳ ದಾಟಿದರು.