ಪಾಸ್ಟರರ ಎಡಗಡೆ ನಿಂತವರು

ಕಲ್ಕತ್ತೆಯ ಬೆಹಾಲಾದ ಬಂಗಾಳಿ ಚರ್ಚಿನಲ್ಲಿ ತಿಂಗಳಿಗೊಮ್ಮೆ ಭಾನುವಾರ ಸಂಜೆ ಕನ್ನಡ ಆರಾಧನೆ ನಡೆಯುತ್ತದೆ. ಹಾಡು ಕನ್ನಡದ್ದು, ಪ್ರಾರ್ಥನೆ ಕನ್ನಡದ್ದು, ಪಾಸ್ಟರ್ ಮಾತ್ರ ಬಂಗಾಳಿಯವರು. ಇಷ್ಟು ಸಣ್ಣ ಸಭೆಗೆಂದು ಕಲ್ಕತ್ತೆಗೆ ಕನ್ನಡದ ಪಾಸ್ಟರನ್ನು ಯಾರು ಕಳಿಸುತ್ತಾರೆ? ಮೀನಿನಂಗಡಿಯಲ್ಲಿ ಆಡುವಷ್ಟು ಬಂಗಾಳಿ ಸಭೆಯ ಎಲ್ಲರಿಗೂ ಬರುತ್ತದೆ. ಪ್ರಸಂಗದ, ಅಂದರೆ ಪಾಸ್ಟರರ ಉಪದೇಶದ, ಬಂಗಾಳಿ ಬೇರೆ. ಅದಕ್ಕೇ ಪಾಸ್ಟರರ ಎಡಗಡೆ ಜಯಕರ ಅಮ್ಮಣ್ಣನವರು ನಿಲ್ಲುತ್ತಾರೆ. ಪಾಸ್ಟರ್ ಒಂದು ಮಾತು ಹೇಳಿ ನಿಲ್ಲಿಸಬೇಕು, ಜಯಕರರು ಅದನ್ನು ಕನ್ನಡದಲ್ಲಿ ಹೇಳಬೇಕು. ಕ್ರಮ ಅಂದರೆ ಇಷ್ಟೇ.

ನಡೆಯುತ್ತಿದ್ದದ್ದು ಬೇರೆ. ಉಡುಪಿ ಕಡೆಯವರಾದ, ರೈಲ್ವೆಯಿಂದ ನಿವೃತ್ತರಾದ ಜಯಕರರಿಗೆ ದೇವರು ಒಳ್ಳೆಯ ಕಂಠ ಕೊಟ್ಟಿದ್ದ, ಮಾತು ಕೊಟ್ಟಿದ್ದ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳಿಕೊಡಲು ಮರೆತಿದ್ದ. ಹಳೆಯ ಪಾಸ್ಟರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಇವರ ಕನ್ನಡ ಮುಗಿಯುವವರೆಗೆ ಅವರು ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಅವರ ಜಾಗಕ್ಕೆ ಈ ವರ್ಷ ಸುಶೋಭನ್ ಮಂಡಲ್ ಎಂಬ ಎಳೆ ವಯಸ್ಸಿನವರು ಬಂದರು. ಮೆಲುದನಿ, ಚಿಕ್ಕ ಚಿಕ್ಕ ಮಾತು.

ನವೆಂಬರಿನ ಆರಾಧನೆಯಲ್ಲಿ ಅವರು, "ಅಂದ್ರೆಯನು ತನ್ನ ಅಣ್ಣನನ್ನು ಯೇಸುವಿನ ಬಳಿಗೆ ಕರೆತಂದನು" ಎಂದು ಹೇಳಿ ನಿಲ್ಲಿಸಿದರು. ಜಯಕರರು ಶುರು ಮಾಡಿದರು. ಬೆಸ್ತ ಅಂದ್ರೆಯನ ಗಲಿಲಾಯ ಸಮುದ್ರದ ತೆರೆ ಬಂತು, ಹರಿದ ಬಲೆ ಬಂತು, ಮಲ್ಪೆ ಬಂದರಿನ ಮೀನಿನ ವಾಸನೆಯೂ ಬಂತು. ಸಭೆ ನಕ್ಕಿತು, ಕಣ್ಣೊರೆಸಿಕೊಂಡಿತು. ತನ್ನ ಒಂದು ಮಾತು ಎಲ್ಲಿ ಹೋಯಿತೆಂದು ತಿಳಿಯದೆ ಪಾಸ್ಟರ್ ಕೈಕಟ್ಟಿ ನಿಂತಿದ್ದರು.

ಆಮೇಲೆ ಚಹಾದ ಹೊತ್ತಿಗೆ ಎಲ್ಲರೂ ಕೈ ಕುಲುಕಿದ್ದು ಜಯಕರರದ್ದೇ. ಗುಂಪು ಕರಗಿದ ಮೇಲೆ ಪಾಸ್ಟರ್ ಹತ್ತಿರ ಬಂದರು. "ಕಾಕು, ಇವರಿಗೆ ಬೇಕಾಗಿರುವುದು ನೀವು. ಕ್ರಿಸ್ಮಸ್ ಆದ ಮೇಲೆ ನಾನು ಬರುವುದಿಲ್ಲ, ನೀವೇ ಪ್ರಸಂಗ ಮಾಡಿ" ಎಂದು ಬಂಗಾಳಿಯಲ್ಲಿ ಹೇಳಿದರು. ಕಾಕು ಅಂದರೆ ಅವರಲ್ಲಿ ಚಿಕ್ಕಪ್ಪ. ಮಾತಿನಲ್ಲಿ ಕುಹಕವಿರಲಿಲ್ಲ. ಜಯಕರರು "ಛೆ ಛೆ" ಎಂದರು, ಆದರೆ ಒಳಗೆ ಹಿಗ್ಗಿ ಹೀರೇಕಾಯಿಯಾದರು.

ಮನೆಗೆ ಹೋಗುವಾಗ ಆಟೋದಲ್ಲಿ ಹೆಂಡತಿ ಅಂಬುಜಾ ತುಟಿ ಬಿಚ್ಚಲಿಲ್ಲ.

"ಎಂತ, ಮಾತೇ ಇಲ್ಲ?" ಎಂದು ಜಯಕರರೇ ಕೇಳಿದರು.

"ನಿಮ್ದು ಮುಗೀಲಿ ಅಂತ ಕೂತಿದ್ದೆ."

"ಪ್ರಸಂಗ ಚಂದ ಆಗ್ಲಿಲ್ವಾ?"

"ಚಂದ ಆಯ್ತು. ಆದ್ರೆ ಆ ಹುಡುಗ ಹೇಳಿದ್ದು ಅದ್ರಲ್ಲಿ ಎಲ್ಲುಂಟು? ದೇವರು ಕೊಟ್ರೂ ಪೂಜಾರಿ ಕೊಡ ಅಂತಾರೆ. ನಿಮ್ದು ಉಲ್ಟಾ, ಪಾಸ್ಟರ್ ಕೊಡದ್ದನ್ನೂ ಕೊಡ್ತೀರಿ."

"ನಾನು ದೇವರಿಗಾಗಿ ಮಾಡಿದ್ದು!"

"ದೇವರಿಗೆ ಬಂಗಾಳಿ ಬರ್ತದೆ ಮಾರಾಯ್ರೆ. ಅವ್ನು ಎರಡನ್ನೂ ಕೇಳಿದ್ದಾನೆ."

ಜಯಕರರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಮರುದಿನವೇ ಇಳಿಯಿತು, ಹೆಂಡತಿಯ ಮಾತು ಇಳಿಯಲಿಲ್ಲ. ಮೀನಿನ ಮುಳ್ಳಿನ ಹಾಗೆ ಅದು ಗಂಟಲಲ್ಲೇ ನಿಂತಿತು. ಆದರೂ ಜನವರಿಯಲ್ಲಿ ತಾನು ಮಾಡಲಿರುವ ಪ್ರಸಂಗವನ್ನು ಅವರು ಸ್ನಾನದ ಮನೆಯಲ್ಲಿ ಎರಡು ಸಲ ಮಾಡಿ ನೋಡಿಕೊಂಡರು.

ಡಿಸೆಂಬರಿನ ಆರಾಧನೆ ಬಂತು. ಪಾಸ್ಟರ್ ಮರಿಯಳ ಗಂಡ ಯೋಸೇಫನ ಬಗ್ಗೆ ಶುರು ಮಾಡಿದರು. "ಸುವಾರ್ತೆಗಳಲ್ಲಿ ಯೋಸೇಫನು ಆಡಿದ ಒಂದು ಮಾತೂ ಇಲ್ಲ." ಜಯಕರರು ಅದನ್ನು ಕನ್ನಡದಲ್ಲಿ ಹೇಳಿದರು. "ಅವನು ಎದ್ದನು, ಹೇಳಿದಂತೆ ಮಾಡಿದನು, ಅಷ್ಟೇ." ಅದನ್ನೂ ಹೇಳಿದರು. "ನನ್ನ ಅಪ್ಪನೂ ಹಾಗೆಯೇ ಇದ್ದ. ಈ ಮಳೆಗಾಲದಲ್ಲಿ ಅವನು..." ಎಂದ ಪಾಸ್ಟರರ ದನಿ ಅಲ್ಲಿಗೆ ಕಟ್ಟಿಹೋಯಿತು.

ಪಾಸ್ಟರ್ ಮೇಜನ್ನು ಹಿಡಿದು ತಲೆ ತಗ್ಗಿಸಿದರು. ಸಭೆಯ ಕಣ್ಣೆಲ್ಲ ಜಯಕರರ ಕಡೆ ತಿರುಗಿತು. ಅವರ ಬಾಯಲ್ಲಿ ಎಲ್ಲವೂ ಸಿದ್ಧವಾಗಿತ್ತು: ಯೋಸೇಫನ ಉಳಿ, ಕತ್ತೆ, ಬೇತ್ಲೆಹೇಮಿನ ಚಳಿ. ಬಾಯಿ ತೆರೆದರೆ ಸಾಕು, ಸಭೆಯೂ ಅವರದ್ದು, ಜನವರಿಯೂ ಅವರದ್ದು. ಯಾರೂ ತಪ್ಪೆನ್ನುತ್ತಿರಲಿಲ್ಲ, ಪಾಪದ ಹುಡುಗನ ಮಾನ ಉಳಿಸಿದರು ಎಂದು ಹೊಗಳುತ್ತಿದ್ದರು.

ಜಯಕರರು ಬಾಯಿ ತೆರೆಯಲಿಲ್ಲ. ಬದುಕಿನಲ್ಲಿ ಅವರು ಪಟ್ಟ ಕಷ್ಟಗಳಲ್ಲಿ ಇದೂ ಒಂದು. ಅವರು ನೀರಿನ ಲೋಟವನ್ನು ಪಾಸ್ಟರರ ಕೈಹತ್ತಿರ ಸರಿಸಿ ಸುಮ್ಮನೆ ಕಾದರು. ಹೊರಗೆ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಎರಡನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ಜಯಕರರು ಇನ್ನೂ ಕಾದರು.

ಪಾಸ್ಟರ್ ನೀರು ಕುಡಿದು ಮುಖವೆತ್ತಿದರು.

"ನಮ್ಮ ಹಳ್ಳಿಯಲ್ಲಿ ಕರೆಂಟ್ ಇರಲಿಲ್ಲ. ಅಪ್ಪ ಪೆಟ್ರೋಮ್ಯಾಕ್ಸ್ ಹಿಡಿದು ಎಲ್ಲರನ್ನೂ ಕೆಸರು ದಾಟಿಸಿ ಚರ್ಚಿಗೆ ಕರೆತರುತ್ತಿದ್ದ."

ಜಯಕರರು ಅಷ್ಟನ್ನೇ ಹೇಳಿದರು.

"ತಾನು ಮಾತ್ರ ದೀಪ ಇಟ್ಟುಕೊಂಡು ಬಾಗಿಲ ಹೊರಗೆ ಕೂರುತ್ತಿದ್ದ. ತಡವಾಗಿ ಬರುವವರಿಗೆ ದಾರಿ ಕಾಣಬೇಕಲ್ಲ."

ಜಯಕರರು ಅದನ್ನೂ ಹಾಗೆಯೇ ಹೇಳಿದರು. ಒಂದು ಮಾತೂ ಸೇರಿಸಲಿಲ್ಲ. ಸೇರಿಸಲು ಅಲ್ಲಿ ಜಾಗವೇ ಇರಲಿಲ್ಲ.

ಆರಾಧನೆ ಮುಗಿದದ್ದೇ ಜನ ಪಾಸ್ಟರರನ್ನು ಮುತ್ತಿಕೊಂಡರು. ಹರಕುಮುರುಕು ಬಂಗಾಳಿಯಲ್ಲಿ ಅವರ ಅಪ್ಪನ ಹೆಸರು ಕೇಳಿದರು, ಅವರ ಕೈಯನ್ನು ಬಿಡಲೇ ಇಲ್ಲ. ಜಯಕರರ ಬಳಿ ಯಾರೂ ಬರಲಿಲ್ಲ. ಅವರಿಗೆ ಚುರ್ರೆಂದಿತು, ಅದನ್ನು ಮುಚ್ಚಿಡುವುದೇಕೆ? ಅಂಬುಜಾ ಬಂದು ಚಹಾ ಕೊಟ್ಟರು. ಎರಡು ತುಂಡು ಕೇಕನ್ನೂ ಇಟ್ಟರು.

ಪಾಸ್ಟರ್ ಗುಂಪಿನಿಂದ ಬಿಡಿಸಿಕೊಂಡು ಬಂದರು. "ಕಾಕು, ಜನವರಿಗೆ..."

"ಜನವರಿಗೆ ನೀವು ಬರಬೇಕು. ನಾನು ಎಡಗಡೆ ಇರುತ್ತೇನೆ" ಎಂದು ಜಯಕರರು ಬಂಗಾಳಿಯಲ್ಲಿ ಹೇಳಿದರು.

ಆಗ ಸಭೆಯ ಹಿರಿಯರಾದ ಇಂದುಮತಿಯಮ್ಮ ಕೋಲೂರುತ್ತ ಬಂದರು. ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಜಯಕರಾ, ಮೈಗೆ ಹುಷಾರುಂಟಾ ಮಾರಾಯಾ? ಇವತ್ತು ನೀನು ಮಾತಾಡಿದ್ದೇ ಗೊತ್ತಾಗ್ಲಿಲ್ಲ. ಪಾಸ್ಟರೇ ಕನ್ನಡದಲ್ಲಿ ಹೇಳಿದ ಹಾಗೆ ಆಯ್ತು ನಂಗೆ."

ಇಷ್ಟು ವರ್ಷಗಳಲ್ಲಿ ಬಂದ ಎಷ್ಟೋ ಹೊಗಳಿಕೆಗಳಿಗೆ ಜಯಕರರ ಬಳಿ ಉದ್ದುದ್ದ ಉತ್ತರಗಳಿದ್ದವು. ಇದು ಅವೆಲ್ಲಕ್ಕಿಂತ ದೊಡ್ಡ ಹೊಗಳಿಕೆ. ಅವರ ಕಣ್ಣು ತುಂಬಿ ಬಂತು.

"ಹೌದಾ ಅಮ್ಮಾ?" ಎಂದಷ್ಟೇ ಹೇಳಿ, ಮೆಟ್ಟಿಲಿಳಿಯಲು ಇಂದುಮತಿಯಮ್ಮನ ಕೈ ಹಿಡಿದುಕೊಂಡರು.