ಪ್ರಯೋಗದ ಹಗ್ಗ

ನಾನು ಭೌತಶಾಸ್ತ್ರದ ಪ್ರೊಫೆಸರ್. ವಾರವಿಡೀ ಬೋರ್ಡಿನ ಮೇಲೆ ಗುರುತ್ವಾಕರ್ಷಣೆಯ ಪಾಠ ಮಾಡಿ, ಭಾನುವಾರ ಅದರ ಜೊತೆಗೇ ಜಗಳವಾಡಲು ಬಂಡೆ ಹತ್ತುತ್ತಿದ್ದೆ. "ನಿಮಗೆ ಕೊಬ್ಬು ಜಾಸ್ತಿ," ಎನ್ನುತ್ತಿದ್ದಳು ಹೆಂಡತಿ. ಅವಳ ತಮ್ಮನಿಗೂ ಆ ಹುಚ್ಚು ಹಿಡಿಸಿದವನು ನಾನೇ.

ತರಗತಿಯಲ್ಲಿ ನನ್ನದೊಂದು ಪ್ರಯೋಗವಿತ್ತು. ಆಳುತೂಕದ ಮರಳಿನ ಮೂಟೆಗೆ ಹಗ್ಗ ಕಟ್ಟಿ ಮಹಡಿಯಿಂದ ಬೀಳಿಸುವುದು, ಹಗ್ಗ ಜಗ್ಗಿದಾಗ ಬಿದ್ದ ಬಲ ಎಷ್ಟೆಂದು ಅಳೆಯುವುದು. ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಹಾಗೆ ಜಗ್ಗಿದ ಹಗ್ಗ ಮತ್ತೆ ಬಂಡೆಗೆ ಹೋಗಬಾರದು. ನೋಡಲು ಹೊಸದರಂತಿದ್ದರೂ ಒಳಗಿನ ಎಳೆಗಳು ಸೋತಿರುತ್ತವೆ. ಈ ನಿಯಮ ಮಾಡಿ, ಗುರುತಿಗೆ ಕೆಂಪು ಪಟ್ಟಿ ಸುತ್ತುತ್ತಿದ್ದವನೂ ನಾನೇ.

ಆ ಭಾನುವಾರ ಹೊಸ ಹಗ್ಗವಿದ್ದ ಕಪಾಟಿನ ಬೀಗದ ಕೈ ಸಿಗಲಿಲ್ಲ. ಪ್ರಯೋಗದ ಹಗ್ಗ ಎದುರಿಗೇ ನೇತಾಡುತ್ತಿತ್ತು. ಅದು ಮೂಟೆಯನ್ನು ಆರು ಸಲ ತಡೆದಿತ್ತು. ಕೂತು ಲೆಕ್ಕ ಹಾಕಿದೆ. ಹತ್ತು ಸಲ ತಡೆಯಬೇಕು. ಇನ್ನೂ ನಾಲ್ಕು ಬಾಕಿ ಎಂದು ಪಟ್ಟಿ ಕಿತ್ತೆ. ವಿದ್ಯೆ ತಲೆಗೇರಿದವರು ಮಾತ್ರ ಮಾಡುವ ತಪ್ಪು ಇದು, ಮೂಟೆ ಹೊರುವ ಹಮಾಲಿ ಮಾಡುತ್ತಿರಲಿಲ್ಲ.

"ಭಾವ, ಹಗ್ಗ ಸರಿ ಇದ್ಯಾ?" ಎಂದು ಬಾಮೈದ ಕೇಳಿದ.

"ಲೆಕ್ಕ ಹಾಕಿದ್ದೀನಿ, ಹತ್ತಪ್ಪಾ," ಎಂದೆ.

ಬಂಡೆಯ ಚೂಪು ಅಂಚು ನನ್ನ ಲೆಕ್ಕದಲ್ಲಿರಲಿಲ್ಲ. ಮೇಲೆ ನಾನು ಹಗ್ಗ ಹಿಡಿದು ನಿಂತಿದ್ದೆ. ಕೆಳಗೆ ಅವನ ಕಾಲು ಜಾರಿತು, ಹಗ್ಗ ಅಂಚಿಗೆ ಬಿಗಿಯಿತು, ಮರುಕ್ಷಣ ನನ್ನ ಕೈಯಲ್ಲಿ ಹಗುರಾಯಿತು. ಕೆಳಗಿನ ಹೊಳೆ ಅವನನ್ನು ವಾಪಸು ಕೊಡಲೇ ಇಲ್ಲ. ಜನ ಬರುವಷ್ಟರಲ್ಲಿ, ನನ್ನ ಬಳಿ ಉಳಿದಿದ್ದ ಹರಿದ ತುದಿಯನ್ನು ಚಾಕುವಿನಿಂದ ಒಪ್ಪವಾಗಿ ಕತ್ತರಿಸಿದೆ. "ಅವನು ಗಂಟು ಸರಿಯಾಗಿ ಹಾಕ್ಕೊಂಡಿರಲಿಲ್ಲ," ಎಂದೆ. ಎಲ್ಲರೂ ನಂಬಿದರು.

ಎರಡು ವರ್ಷವಾಯಿತು. ಪ್ರಯೋಗ ನಿಲ್ಲಿಸಿದ್ದೇನೆ. ಆದರೂ ಪಾಠದ ನಡುವೆ, ಹಾಡುಹಗಲೇ, ಕೊನೆಯ ಬೆಂಚಿನಿಂದ "ಭಾವ" ಎಂದು ಕರೆದದ್ದು ಕೇಳಿಸುತ್ತದೆ. ಸೀಮೆಸುಣ್ಣ ಕೈಜಾರುತ್ತದೆ. ಮೇಷ್ಟ್ರಿಗೆ ವಯಸ್ಸಾಯಿತೆಂದು ಹುಡುಗರು ಮುಸಿಮುಸಿ ನಗುತ್ತಾರೆ. ನನಗೆ ಭಯ, ಆ ಬೆಂಚಿನ ಕಡೆ ತಲೆಯೆತ್ತಿ ನೋಡಲಾರದಷ್ಟು ಭಯ.

ಮಗ ಹೋದಾಗಿನಿಂದ ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಿನ್ನೆ ಮಧ್ಯಾಹ್ನ ಊಟದ ಮೇಜಿನಲ್ಲಿ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡರು.

"ಗಂಟು ಹಾಕೋದ್ರಲ್ಲಿ ಅವನು ಮಾಡಿದ ಅವಸರಕ್ಕೆ ನೀವು ಎರಡು ವರ್ಷದಿಂದ ಕೊರಗ್ತಿದ್ದೀರಿ. ನನ್ನ ಮಗನನ್ನ ಕ್ಷಮಿಸಿಬಿಡಿ, ಅಳಿಯಂದಿರೇ."

 ಇನ್ನು ತಡೆಯಲಾಗಲಿಲ್ಲ. ಮೂಟೆ, ಪಟ್ಟಿ, ಚಾಕು, ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟೆ.

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. "ಸತ್ತವನ ತಪ್ಪನ್ನೂ ಮೈಮೇಲೆ ಎಳ್ಕೊಳ್ತೀರಲ್ಲ! ನನ್ನ ಸಮಾಧಾನಕ್ಕೆ ಏನೇನೆಲ್ಲ ಕಟ್ಟಿ ಹೇಳ್ತೀರಪ್ಪ. ಊಟ ಮಾಡಿ." ಕೈತೊಳೆಯಲು ಎದ್ದು ಹೋದರು.

ಹೆಂಡತಿ ನಗಲಿಲ್ಲ. ನನ್ನನ್ನೇ ನೋಡುತ್ತ ಸೌಟು ಕೆಳಗಿಟ್ಟಳು.

"ಅಮ್ಮನಿಗೆ ಇನ್ನೊಂದ್ಸಲ ಹೇಳ್ಬೇಡಿ," ಎಂದಳು ಮೆಲ್ಲಗೆ. "ಮಗ ಅಂತೂ ಹೋದ. ಅಳಿಯ ಒಳ್ಳೆಯವನು ಅಂತಾದ್ರೂ ನಂಬ್ಕೊಂಡಿರ್ಲಿ. ನನಗೇ ಈಗ ಯಾರೂ ಉಳೀಲಿಲ್ಲ."