ಬರಲ್ಲ ಅಂತಾನೆ

ಜೈಲಿನ ಗೇಟಿಗೆ ಹೊಸ ಬಣ್ಣ ಬಳಿದಿದ್ದರು. ಒಳಗೆ ಕೆಲಸಕ್ಕೆ ಜನ ಇಲ್ಲ, ಗೇಟಿಗೆ ಮಾತ್ರ ತಪ್ಪದೆ ಬಣ್ಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಆ ಗೇಟು ದಾಟಿ ಎಡಕ್ಕೆ ತಿರುಗಿದರೆ ಪರದೆ ಕಟ್ಟಿದ ಸಣ್ಣದೊಂದು ಕೋಣೆ. ಒಳಗಿರುವವರನ್ನು ನೋಡಲು ಬರುವ ಹೆಂಗಸರೆಲ್ಲ ಮೊದಲು ಅಲ್ಲಿ ಎರಡೂ ಕೈ ಎತ್ತಿ ನಿಲ್ಲಬೇಕು. ಕಾವಲುಗಾರ್ತಿಯೊಬ್ಬಳು ಕುತ್ತಿಗೆಯಿಂದ ಕಾಲಿನ ತನಕ ಅವರ ಮೈ ತಡಕುತ್ತಿದ್ದಳು. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ತಡಕಕ್ಕ. ಅವಳಿಗೂ ಅದು ಗೊತ್ತಿತ್ತು. "ಕರೀಲಿ ಬಿಡಿ. ಅಪ್ಪ ಅಮ್ಮ ಇಟ್ಟ ಹೆಸರಿಂದ ನನಗೇನು ಸಂಬಳ ಜಾಸ್ತಿ ಆಯ್ತಾ?" ಅನ್ನುವಳು.

ಎಷ್ಟೋ ವರ್ಷದಿಂದ ತಡಕಿ ತಡಕಿ ಅವಳ ಕೈಗೇ ಕಣ್ಣು ಬಂದುಬಿಟ್ಟಿತ್ತು. ಯಾವ ಹೆಂಡತಿ ಬಸುರಿ, ಯಾವ ತಂಗಿ ಊಟ ಬಿಟ್ಟಿದ್ದಾಳೆ, ಯಾವಳಿಗೆ ಮನೆಯಲ್ಲಿ ಏಟು ಬೀಳುತ್ತಿದೆ, ಎಲ್ಲ ಕೈಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಏನು ಪ್ರಯೋಜನ ಹೇಳಿ? "ಮುಂದೆ ಹೋಗಮ್ಮ" ಅನ್ನುವುದಷ್ಟೇ ಅವಳ ಕೈಲಿದ್ದದ್ದು. ಮನೆಗೆ ಹೋದರೆ ಅತ್ತೆ, "ಕಂಡೋರ ಮೈ ಮುಟ್ಟಿದ ಕೈ, ಮೊದಲು ತೊಳ್ಕೊ" ಅನ್ನುತ್ತಿದ್ದಳು. ತೊಳೆದುಕೊಳ್ಳುತ್ತಿದ್ದಳು. ಸೋಪಿಗೆ ಹೋಗುವಂಥದ್ದು ಹೋಗುತ್ತಿತ್ತು.

ಭೇಟಿಯ ದಿನ ಒಂದೂ ತಪ್ಪಿಸದೆ ಬರುತ್ತಿದ್ದವಳು ಒಬ್ಬ ಮುದುಕಿ. ಹೊಲಿಗೆಯವಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿತ್ತು. ಮೊದಮೊದಲು ಬಂದಾಗ ಮೈಯಲ್ಲಿ ಅಷ್ಟೋ ಇಷ್ಟೋ ಮಾಂಸವಿತ್ತು. ಈಗೀಗ ತಡಕಕ್ಕನ ಕೈಗೆ ಪಕ್ಕೆಯ ಮೂಳೆ ಒಂದೊಂದಾಗಿ ಸಿಗುತ್ತಿತ್ತು. ಸೊಂಟದಲ್ಲಿ ಬಟ್ಟೆ ನಿಲ್ಲದೆ ಪಿನ್ನು ಹಾಕಿಕೊಂಡು ಬರುತ್ತಿದ್ದಳು. ಪಿನ್ನು ಒಳಗೆ ಬಿಡುವಂತಿಲ್ಲ. ಅದಕ್ಕೇ ಭೇಟಿ ಮುಗಿಯುವ ತನಕ ಮುದುಕಿ ಒಂದು ಕೈಯಲ್ಲಿ ಸೊಂಟದ ಬಟ್ಟೆ ಹಿಡಿದುಕೊಂಡೇ ಬೆಂಚಿನ ಮೇಲೆ ಕೂರುತ್ತಿದ್ದಳು.

ಭೇಟಿ ಅಂತ ಹೆಸರಿಗೆ. ಒಳಗಿದ್ದ ಮಗನ ಮುಖ ಅವಳು ಅಲ್ಲಿ ಒಂದು ಸಲವೂ ನೋಡಿರಲಿಲ್ಲ. ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಅವರು ಗಾಜಿನ ಎದುರು ಕೂತು, ಕೇಳಿಸಿಯೂ ಕೇಳಿಸದ ಫೋನು ಕಿವಿಗೊತ್ತಿಕೊಂಡು, "ಆಂ? ಏನಂದೆ? ಜೋರಾಗಿ ಹೇಳು" ಅಂತ ಕೂಗಾಡಿ, ಅತ್ತು, ನಕ್ಕು, ಗಾಜಿಗೆ ಅಂಗೈ ಒತ್ತಿ ಹೋಗುತ್ತಿದ್ದರು. ಕೊನೆಗೆ ಬೆಂಚಿನ ಮೇಲೆ ಮುದುಕಿ ಒಬ್ಬಳೇ. ಅವಳ ಹತ್ತಿರ ಹೋಗಿ ಹೇಳುವ ಕೆಲಸವೂ ತಡಕಕ್ಕನದೇ.

"ಬರಲ್ಲ ಅಂತಾನಮ್ಮ."

"ಹೌದಾ," ಅನ್ನುತ್ತಿದ್ದಳು ಮುದುಕಿ. "ಕೋಪ ಇನ್ನೂ ಇಳಿದಿಲ್ಲ. ಇರಲಿ ಬಿಡು ತಾಯಿ."

ಅದು ಹಸಿ ಸುಳ್ಳು. ಮಗನನ್ನು ಯಾರೂ ಕೇಳಿಯೇ ಇರಲಿಲ್ಲ. ಅವನಿದ್ದದ್ದು ಹಿಂದಿನ ಬ್ಲಾಕಿನಲ್ಲಿ, ಅಡುಗೆಮನೆಯನ್ನೂ ದಾಟಿ, ಎರಡನೆಯ ಗೋಡೆಯ ಆಚೆ. ಬಂದ ಹೊಸದರಲ್ಲಿ ಯಾರದೋ ಜಗಳದ ನಡುವೆ ಸಿಕ್ಕಿಹಾಕಿಕೊಂಡಿದ್ದಕ್ಕೆ ಅಲ್ಲಿ ಹಾಕಿದ್ದರು. ಆ ಬ್ಲಾಕಿನವರನ್ನು ಹೊರಗೆ ಕರೆತರಬೇಕಾದರೆ ಇಬ್ಬರು ಕಾವಲಿನವರು ಜೊತೆಗಿರಬೇಕು ಅಂತ ನಿಯಮ. ಅಲ್ಲಿದ್ದದ್ದು ಬೀಗದಣ್ಣ ಒಬ್ಬನೇ. ಸೊಂಟದ ತುಂಬ ಬೀಗದಕೈ ಕಟ್ಟಿಕೊಂಡು ತಿರುಗುತ್ತಿದ್ದವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಒಬ್ಬನನ್ನು ಭೇಟಿಗೆ ಕರೆತಂದರೆ ಉಳಿದ ಅಷ್ಟೂ ಜನರನ್ನು ಕಾಯುವವರು ಯಾರು? ಹಾಗಾಗಿ ಆ ಬ್ಲಾಕಿನವರ ಮನೆಯವರು ಯಾರೇ ಬರಲಿ, ಹೊರಗೆ "ಬರಲ್ಲ ಅಂತಾನೆ" ಅನ್ನುವುದು, ಒಳಗೆ "ಯಾರೂ ಬಂದಿಲ್ಲ" ಅನ್ನುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಶುರುವಿನಲ್ಲಿ ತಡಕಕ್ಕ ಜೈಲರ್ ಸಾಹೇಬರ ಹತ್ತಿರ ಹೋಗಿ ಕೇಳಿದ್ದಳು. "ಜನ ಇಲ್ಲ ಅಂತ ಇದ್ದದ್ದು ಇದ್ದಂಗೆ ಹೇಳಿಬಿಡೋಣ ಸಾರ್. ಅದರಲ್ಲಿ ನಮ್ಮ ತಪ್ಪೇನಿದೆ?"

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಜನ ಕೊಡಿ ಅಂತ ಮೇಲಿನವರನ್ನು ಕೇಳಿ ಕೇಳಿ ಸುಸ್ತಾದವರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಅಂದರು, "ಜನ ಇಲ್ಲ ಅಂದ್ರೆ ಜಗಳ ಮಾಡ್ತಾರಮ್ಮ. ವಕೀಲರನ್ನ ಕರ್ಕೊಂಡು ಬರ್ತಾರೆ. ಗೇಟಿನ ಮುಂದೆ ಕೂತ್ಕೋತಾರೆ. ಬರಲ್ಲ ಅಂತಾನೆ ಅಂದ್ರೆ ಅತ್ಕೊಂಡು ಮನೆಗೆ ಹೋಗ್ತಾರೆ. ಯಾವುದು ವಾಸಿ ನೀನೇ ಹೇಳು."

ಏನು ಹೇಳುತ್ತಾಳೆ, ಕರ್ಮ? ಹೊರಗೆ ಬಂದಳು. ಇಬ್ಬರು ಮಕ್ಕಳ ಸ್ಕೂಲು, ಗಂಡನಿಗೆ ಕೆಲಸವಿಲ್ಲ. ನುಂಗೋಕೂ ಆಗದ, ಉಗುಳೋಕೂ ಆಗದ ಬಿಸಿ ತುಪ್ಪ.

ಆ ಸುಳ್ಳು ಇನ್ನು ಯಾರಿಗೆ ಹೇಗೆ ತಾಕುತ್ತಿತ್ತೋ, ಹೊಲಿಗೆಯವಳಿಗಂತೂ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಅವಳೇ ಒಂದು ದಿನ ಕೈ ಎತ್ತಿ ನಿಂತುಕೊಂಡು ಹೇಳಿದ್ದಳು. "ಹೊಡೆದಾಟ ಮಾಡ್ಕೊಂಡು ಬಂದು ಮಂಚದ ಕೆಳಗೆ ಅವಿತಿದ್ದ. ಪೊಲೀಸರು ಬಾಗಿಲು ಬಡಿದರು. ತೆಗೀಬೇಡ ಅಂತ ಕೈ ಮುಗಿದ. ನಾನು ತೆಗೆದೆ ಕಣಮ್ಮ. ಇದ್ದದ್ದು ಇದ್ದಂಗೆ ಹೇಳಿದ್ರೆ ಬಿಟ್ಟುಬಿಡ್ತಾರೆ ಅಂದ್ಕೊಂಡೆ. ನನ್ನಂಥ ದಡ್ಡಿ ಇದ್ದಾಳಾ? ಅವನ ಕೋಪ ನ್ಯಾಯವೇ. ಒಂದು ಸಲ ಎದುರಿಗೆ ಬಂದು ಬೈದುಬಿಟ್ಟರೆ ಸಾಕು ನನಗೆ."

ನಿಜ ಹೇಳಿಬಿಡೋಣ ಅನ್ನಿಸಿತು ತಡಕಕ್ಕನಿಗೆ. ಪರದೆಯ ಆಚೆ ಸಾಲು ನಿಂತಿತ್ತು. "ಮುಂದೆ ಹೋಗಮ್ಮ" ಅಂದಳು.

ಹಾಗೇ ನಡೆಯುತ್ತಿತ್ತೇನೋ. ಆದರೆ ಒಂದು ವಾರ ಮುದುಕಿ ಪಿನ್ನು ಬಿಚ್ಚಿ ಕೊಡುತ್ತಾ, "ಮುಂದಿನ ಸಲವೇ ಕೊನೆ ತಾಯಿ," ಅಂದಳು. "ನನ್ನ ದೊಡ್ಡ ಮಗಳು ಕರ್ಕೊಂಡು ಹೋಗ್ತಾಳೆ. ಅವಳ ಊರು ಬಲು ದೂರ. ಒಂದ್ಸಲ ಹೋದ್ರೆ ಈ ದೇಹ ಹೊತ್ಕೊಂಡು ವಾಪಸ್ ಬರೋದು ಸುಳ್ಳು. ಡಾಕ್ಟ್ರೂ ಅದನ್ನೇ ಅಂದ್ರು. ಅವನಿಗೆ ಹೇಳಿ ಕಳಿಸ್ತೀಯಾ? ಕೊನೇ ಸಲ ಅಂತ ಹೇಳು. ಆಗಲಾದ್ರೂ ಬರ್ತಾನೆ."

ಮರುದಿನ ಬೆಳಿಗ್ಗೆ ಎದ್ದವಳೇ ತಡಕಕ್ಕ ಬೀಗದಣ್ಣನನ್ನು ಅಡುಗೆಮನೆಯ ಹಿಂದೆ ಹಿಡಿದಳು.

"ಅಣ್ಣ, ಹೊಲಿಗೆಯವಳ ಮಗನ್ನ ಮುಂದಿನ ಭೇಟಿಗೆ ಕರ್ಕೊಂಡು ಬರಬೇಕು."

"ಇಬ್ಬರು ಬೇಕು ಕಣಮ್ಮ. ಎರಡನೆಯವರನ್ನ ನಾನೇನು ಹಿಟ್ಟಲ್ಲಿ ಮಾಡ್ಲಾ?"

"ಎರಡನೆಯವಳು ನಾನು."

"ಗಂಡಸರ ಬ್ಲಾಕಿಗೆ ನೀನಾ? ತಲೆ ನೆಟ್ಟಗಿದೆಯಾ? ಸಾಹೇಬ್ರಿಗೆ ಗೊತ್ತಾದ್ರೆ ಇಬ್ಬರ ಖಾಕಿ ಬಟ್ಟೇನೂ ಬಿಚ್ಚಿಸಿ ಮನೆಗೆ ಕಳಿಸ್ತಾರೆ."

"ಮಧ್ಯಾಹ್ನ ಸಾಹೇಬ್ರು ಊಟಕ್ಕೆ ಹೋಗ್ತಾರಲ್ಲ, ಆಗ. ಅಷ್ಟು ಹೊತ್ತು ಬ್ಲಾಕಿಗೆ ಬೀಗ ಹಾಕಿದ್ರೆ ಆಯ್ತು. ನನ್ನ ರಜೆ ಎಲ್ಲ ನಿನಗೆ ಬಿಟ್ಟುಕೊಡ್ತೀನಿ. ವಾರದ ರಜೆ, ಹಬ್ಬದ ರಜೆ, ಎಲ್ಲ. ಹೆಂಡತಿನ ಆಸ್ಪತ್ರೆಗೆ ತೋರಿಸೋಕೆ ರಜೆ ಸಿಗ್ತಿಲ್ಲ ಅಂತ ಗೋಳಾಡ್ತಿದ್ದೆಯಲ್ಲ."

ಬೀಗದಣ್ಣ ಬೀಗದಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಆಯ್ತು ಮಾರಾಯ್ತಿ," ಅಂದ. "ಒಂದೇ ಸಲ."

ಆ ದಿನ ಬಂತು. ಮುದುಕಿಯ ಜೊತೆ ದೊಡ್ಡ ಮಗಳೂ ಬಂದಿದ್ದಳು. ಗೇಟಿನ ಆಚೆ ಚೀಲದ ಮೇಲೆ ಕೂತು, ಬಸ್ಸು ತಪ್ಪುತ್ತದೆ ಅಂತ ಆಗಲೇ ಚಡಪಡಿಸುತ್ತಿದ್ದಳು. ಮುದುಕಿ ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ತಡಕಕ್ಕ ಅವಳ ಮೈ ತಡಕಿದಳೋ ಸವರಿದಳೋ, ಅವಳಿಗೇ ಗೊತ್ತಾಗಲಿಲ್ಲ.

"ಹೇಳಿದೆಯಾ ತಾಯಿ?"

"ಕೂತಿರಿ ಅಮ್ಮ. ಇವತ್ತು ನಾನೇ ಕರ್ಕೊಂಡು ಬರ್ತೀನಿ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಬೇಕೆಂದೇ ಹೇಳಿದ್ದು. ಎಷ್ಟೋ ಕಾಲದ ಮೇಲೆ ಅವಳ ಬಾಯಿಗೆ ಒಂದು ಒಳ್ಳೆಯ ಮಾತು ಸಿಕ್ಕಿತ್ತು, ಪಾಪ.

ಸಾಹೇಬರು ಊಟಕ್ಕೆ ಹೋದದ್ದೇ ತಡ, ಅಡುಗೆಮನೆ ದಾಟಿ ಎರಡನೆಯ ಗೋಡೆಯ ಬಾಗಿಲಿಗೆ ಹೋದಳು. ಬೀಗದಣ್ಣ ಅವಳನ್ನು ಅಲ್ಲೇ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದ. ಒದ್ದೆ ಗೋಡೆ, ಫಿನಾಯಿಲು, ಬೆವರು, ಎಲ್ಲ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಬೀಗದಣ್ಣ ಒಬ್ಬನೇ ವಾಪಸು ಬಂದ.

"ಬರಲ್ವಂತೆ."

ತಡಕಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಏನಣ್ಣ, ನನ್ನ ಹತ್ರಾನೂ ಅದೇ ಪಾಠ ಒಪ್ಪಿಸ್ತೀಯಾ? ರಜೆ ತಗೊಂಡು ನಾಲಿಗೆ ಹೊರಳಿಸ್ತೀಯಾ? ನಾಚಿಕೆ ಆಗಲ್ವಾ?"

"ನನ್ನ ಮಕ್ಕಳಾಣೆ ಕಣಮ್ಮ," ಅಂದ ಬೀಗದಣ್ಣ. ಅವನ ಮುಖ ಬಿಳಿಚಿಕೊಂಡಿತ್ತು. "ಈ ಸಲ ನಿಜ."

ಅವಳು ನಂಬಲಿಲ್ಲ. ಹೇಗೆ ನಂಬುತ್ತಾಳೆ? ತೋಳ ಬಂತು ತೋಳ ಅಂತ ಕೂಗಿದವನನ್ನು ಯಾರು ನಂಬಿದರು? ಅವನನ್ನು ತಳ್ಳಿಕೊಂಡು ಒಳಗೆ ನಡೆದೇಬಿಟ್ಟಳು. ಓಣಿಯ ಎರಡೂ ಕಡೆ ಕಂಬಿಗಳ ಹಿಂದೆ ಮುಖಗಳು ಎದ್ದು ನಿಂತವು. ಯಾರೋ ಶಿಳ್ಳೆ ಹಾಕಿದರು, ಯಾರೋ "ಥೂ, ಸುಮ್ನಿರೋ" ಅಂದರು. ಕೊನೆಯ ಕೋಣೆಯಲ್ಲಿ ಒಬ್ಬ ಹುಡುಗ ಗೋಡೆಗೆ ಮುಖ ಮಾಡಿ ಕೂತಿದ್ದ. ತಲೆ ನುಣ್ಣಗೆ ಬೋಳಿಸಿಕೊಂಡಿದ್ದ.

"ಏಯ್, ನಿಮ್ಮಮ್ಮ ಬಂದಿದ್ದಾರಪ್ಪ. ಎದ್ದೇಳು."

ಅವನು ತಿರುಗಲಿಲ್ಲ. "ನನಗೆ ಅಮ್ಮ ಇಲ್ಲ."

"ಹಾಗನ್ನಬೇಡ. ಅವರು ಪ್ರತಿ ವಾರ ಬಂದಿದ್ದಾರೆ. ನಾನೇ ತಡಕಿ ಒಳಗೆ ಬಿಟ್ಟಿದ್ದೀನಿ. ಬಾಗಿಲು ತೆಗೆದೆ ಅಂತ ಈಗಲೂ ಕೊರಗ್ತಾರೆ."

ಆಗ ತಿರುಗಿದ. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಬಾಗಿಲು ತೆಗೆದದ್ದಕ್ಕೆ ನನಗೇನೂ ಕೋಪ ಇರಲಿಲ್ಲ ಮೇಡಂ. ಇನ್ನೇನು ಮಾಡ್ತಾಳೆ ಅವಳು, ಪಾಪ. ಪ್ರತಿ ಭೇಟಿ ದಿನ ತಲೆ ಬಾಚ್ಕೊಂಡು, ಶರ್ಟಿಗೆ ಗುಂಡಿ ಹಾಕ್ಕೊಂಡು ಇಲ್ಲೇ ಕೂತಿರ್ತಿದ್ದೆ. ಇವರೆಲ್ಲ ನನ್ನ ಮದುಮಗ ಮದುಮಗ ಅಂತ ಆಡ್ಕೋತಿದ್ರು. ಸಂಜೆ ಈ ಅಣ್ಣನ್ನ ಕೇಳಿದ್ರೆ ಯಾರೂ ಬಂದಿಲ್ಲ ಅಂತಿದ್ರು. ಪ್ರತಿ ಸಲ ಅದೇ. ಕೇಳಿ ನೋಡಿ ಬೇಕಾದ್ರೆ."

ತಡಕಕ್ಕ ಬೀಗದಣ್ಣನ ಕಡೆ ನೋಡಿದಳು. ಹೇಳು, ಒಂದು ಮಾತು ಹೇಳು ಅಂತ ಕಣ್ಣಲ್ಲೇ ಬೇಡಿಕೊಂಡಳು. ಬೀಗದಣ್ಣ ನೆಲ ನೋಡುತ್ತಿದ್ದ. ಓಣಿ ಇದ್ದಕ್ಕಿದ್ದಂತೆ ತಣ್ಣಗಾಗಿತ್ತು. ಎರಡೂ ಕಡೆಯ ಕಂಬಿಗಳ ಹಿಂದೆ ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ಅಲ್ಲಿದ್ದವರಲ್ಲಿ ಯಾರಿಗೆ ಹೇಳಿರಲಿಲ್ಲ, ಯಾರೂ ಬಂದಿಲ್ಲ ಅನ್ನುವ ಆ ಮಾತನ್ನು? ಒಬ್ಬನ ಮುಂದೆ ನಿಜ ಒಪ್ಪಿಕೊಂಡರೆ ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ. ಎಷ್ಟು ಹೆಂಡತಿಯರು, ಎಷ್ಟು ಅಪ್ಪಂದಿರು ಬಂದು ಹೋಗಿದ್ದರು ಅಂತ ಆ ಬ್ಲಾಕಿಗೆ ಗೊತ್ತಾದರೆ ಕಂಬಿಗಳು ನಿಲ್ಲುತ್ತವೆಯೇ? ಬೀಗದಣ್ಣ ಒಬ್ಬನೇ ಒಬ್ಬ ಅಲ್ಲಿ ಸಂಜೆಯ ತನಕ ಇರಬೇಕಾದವನು. ಅವನು ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದ್ದು ನಾವೇ ಅನ್ನಲು ಅವಳಿಗೂ ಆಗಲಿಲ್ಲ.

"ನೋಡಿದ್ರಾ," ಅಂದ ಹುಡುಗ ಮೆಲ್ಲಗೆ. "ಇವರು ಬಂದಿಲ್ಲ ಅಂತಾರೆ, ನೀವು ಬಂದ್ರು ಅಂತೀರಿ. ಇಬ್ಬರ ಮೈ ಮೇಲೂ ಅದೇ ಖಾಕಿ ಬಟ್ಟೆ. ಯಾರನ್ನ ನಂಬಲಿ? ಬಾಚ್ಕೊಂಡು ಕಾಯೋದೇ ಬೇಡ ಅಂತ ತಲೆ ಬೋಳಿಸ್ಕೊಂಡ ಮೇಲೆ ನೆಮ್ಮದಿಯಾಗಿದೀನಿ ಮೇಡಂ. ಮತ್ತೆ ಎದ್ದು ಅಲ್ಲಿತನಕ ಬಂದು, ಖಾಲಿ ಗಾಜು ನೋಡೋ ಶಕ್ತಿ ನನಗಿಲ್ಲ. ದಮ್ಮಯ್ಯ, ಬಿಟ್ಟುಬಿಡಿ."

"ನನ್ನಾಣೆ ಕಣಪ್ಪಾ, ಅಲ್ಲೇ ಕೂತಿದ್ದಾರೆ. ಇವತ್ತೇ ಕೊನೆ, ಊರು ಬಿಟ್ಟು ಹೋಗ್ತಾರೆ..."

ಅವನು ಆಗಲೇ ಗೋಡೆಗೆ ತಿರುಗಿಬಿಟ್ಟಿದ್ದ. ಕಂಬಿಯೊಳಗೆ ಕೈ ತೂರಿಸಿ ಅವನ ಭುಜ ಹಿಡಿದು ಎಳೆಯೋಣ ಅನ್ನಿಸಿತು. ಎಟುಕಲಿಲ್ಲ. ಸಾಹೇಬರು ಬರುವ ಹೊತ್ತಾಯಿತು ಅಂತ ಬೀಗದಣ್ಣ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಅವನೇ ಕಣ್ಣೊರೆಸಿಕೊಳ್ಳುತ್ತಿದ್ದ. ಅವಳಿಗೆ ಅಳುವೂ ಬರಲಿಲ್ಲ.

ಭೇಟಿಯ ಕೋಣೆಯಲ್ಲಿ ಬೆಂಚು ಖಾಲಿಯಾಗಿತ್ತು. ಮುದುಕಿ ಈ ಸಲ ಬೆಂಚಿನ ಮೇಲೆ ಇರಲಿಲ್ಲ. ಗಾಜಿನ ಎದುರಿನ ಕುರ್ಚಿಯಲ್ಲೇ ಹೋಗಿ ಕೂತಿದ್ದಳು, ಒಂದು ಕೈಯಲ್ಲಿ ಸೊಂಟದ ಬಟ್ಟೆ, ಇನ್ನೊಂದು ಕೈಯಲ್ಲಿ ಫೋನು. ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ತಡಕಕ್ಕನ ಹಿಂದೆ ಯಾರಾದರೂ ಇದ್ದಾರಾ ಅಂತ ಬಗ್ಗಿ ನೋಡಿದಳು.

ಬರಲ್ಲ ಅಂತಾನಮ್ಮ. ಅಷ್ಟೇ ಹೇಳಬೇಕಾಗಿದ್ದದ್ದು. ವಾರ ವಾರವೂ ಸಲೀಸಾಗಿ ಹೇಳಿದ್ದ ಮಾತು. ಇವತ್ತು ಅದು ಸತ್ಯವಾಗಿತ್ತು, ಇವತ್ತೇ ಅದು ಗಂಟಲಿನಿಂದ ಮೇಲೆ ಬರಲಿಲ್ಲ.

"ಜನ ಇಲ್ಲ ಅಮ್ಮ," ಅಂದುಬಿಟ್ಟಳು. "ಕರ್ಕೊಂಡು ಬರೋಕೆ ಇಬ್ಬರು ಬೇಕು, ಇವತ್ತು ಒಬ್ಬರೇ ಇದ್ದಾರೆ. ಅದಕ್ಕೇ ಆಗಲಿಲ್ಲ."

"ಅಂದ್ರೆ... ಅವನು ಬರಲ್ಲ ಅನ್ನಲಿಲ್ವಾ?"

"ಇಲ್ಲ ಅಮ್ಮ. ತಲೆ ಬಾಚ್ಕೊಂಡು, ಶರ್ಟಿಗೆ ಗುಂಡಿ ಹಾಕ್ಕೊಂಡು ಕೂತಿದ್ದ."

"ಕೋಪ?"

"ಕೋಪ ಇಲ್ವಂತೆ. ಇನ್ನೇನು ಮಾಡ್ತಾಳೆ ಅವಳು, ಪಾಪ ಅಂದ."

ಮುದುಕಿ ಫೋನನ್ನು ಜೋಪಾನವಾಗಿ ಅದರ ಜಾಗದಲ್ಲಿಟ್ಟಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ತಡಕಕ್ಕ ಇಷ್ಟು ದಿನದಲ್ಲಿ ಆ ನಗು ನೋಡಿರಲೇ ಇಲ್ಲ. "ಅಯ್ಯೋ ನನ್ನ ಕಂದ," ಅಂದಳು ಮುದುಕಿ, "ಗುಂಡಿ ಹಾಕ್ಕೊಂಡು ಕೂತಿದ್ನಾ!" ಎದ್ದು, ಪಿನ್ನನ್ನೂ ಕೇಳದೆ, ಸೊಂಟದ ಬಟ್ಟೆ ಹಿಡಿದುಕೊಂಡೇ ಸರಸರನೆ ಗೇಟಿನ ಕಡೆ ನಡೆದಳು. ಇಷ್ಟು ಕಸುವು ಅವಳ ಕಾಲಿನಲ್ಲಿ ಎಲ್ಲಿತ್ತೋ. ತಡಕಕ್ಕ ಪಿನ್ನು ಹಿಡಿದು ಹಿಂದೆಯೇ ಓಡಿದಳು.

ಗೇಟಿನ ಆಚೆ ಮಗಳು ಚೀಲ ಎತ್ತಿಕೊಂಡು ನಿಂತಿದ್ದಳು. "ಬೇಗ ಬಾಮ್ಮ, ಬಸ್ಸಿಗೆ ಹೊತ್ತಾಯ್ತು."

"ನಾನು ಬರಲ್ಲ ಕಣೇ," ಅಂದಳು ಮುದುಕಿ. "ನೀನು ಹೋಗು. ನಿನ್ನ ತಮ್ಮನಿಗೆ ಕೋಪ ಇಲ್ವಂತೆ. ತಲೆ ಬಾಚ್ಕೊಂಡು ಕೂತಿದ್ದನಂತೆ. ಇವತ್ತು ಜನ ಇರಲಿಲ್ಲ ಅಷ್ಟೇ. ನೋಡದೆ ಹೆಂಗೆ ಹೋಗ್ಲಿ?"

"ನಿನಗೆ ಹುಚ್ಚು ಹಿಡಿದಿದೆಯಾ ಅಮ್ಮ? ಒಬ್ಬಳೇ ಹೇಗಿರ್ತೀಯಾ? ಡಾಕ್ಟ್ರು ಏನಂದ್ರು?"

"ಡಾಕ್ಟ್ರಿಗೇನು ಗೊತ್ತು." ಮುದುಕಿ ತಡಕಕ್ಕನ ಕಡೆ ತಿರುಗಿದಳು. ಕಣ್ಣು ಮಿರಮಿರ ಅನ್ನುತ್ತಿತ್ತು. "ಮುಂದಿನ ವಾರ ಜನ ಇರ್ತಾರಲ್ವಾ ತಾಯಿ? ನೀನೂ ಇರ್ತೀಯಲ್ವಾ?"

ಮಗಳೂ ಅವಳನ್ನೇ ನೋಡುತ್ತಿದ್ದಳು. ತಡಕಕ್ಕ ಬಗ್ಗಿ ಮುದುಕಿಯ ಸೊಂಟಕ್ಕೆ ಪಿನ್ನು ಹಾಕತೊಡಗಿದಳು. ಬಟ್ಟೆಯನ್ನು ಎಷ್ಟು ಮಡಚಿದರೂ ಸಡಿಲವಾಗಿಯೇ ಇತ್ತು. ಇನ್ನೊಂದು ಮಡಿಕೆ ಮಡಚಿದಳು. ರಜೆಯನ್ನೆಲ್ಲ ಬೀಗದಣ್ಣನಿಗೆ ಕೊಟ್ಟಾಗಿತ್ತು, ಬರದೆ ಉಳಿಯುವಂತಿರಲಿಲ್ಲ.

"ಇರ್ತೀನಿ ಅಮ್ಮ," ಅಂದಳು.